ಲಾಭದ ಮೇಲೆ ನಿಂತ ಗಿಟಾರ್

ಮಾನ್ವಿಯಲ್ಲಿ ಮುನಿಸಿಕೊಂಡು ಕುಳಿತಿರುವ ನಮ್ಮ ಅತ್ತೆಯವರಿಗೆ, ರಾಯಚೂರಿನಿಂದ ಸೊಸೆ ಕಾವ್ಯಾ ಮಾಡುವ ಶರಣು ಶರಣಾರ್ಥಿ.

ಮೊದಲು ಸುದ್ದಿ ಹೇಳುತ್ತೇನೆ, ಜಗಳ ಆಮೇಲೆ. ಗಿಟಾರ್ ಕೆಟ್ಟಿಲ್ಲ. ನಿಮ್ಮ ಕಾಯಿನೀರಿನಿಂದ ಅದಕ್ಕೆ ಏನೆಂದರೆ ಏನೂ ಆಗಿಲ್ಲ. ಮೊನ್ನೆ ರವಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಅದು ಬಾಯಿಬಿಟ್ಟ ರಭಸಕ್ಕೆ ಗೂಡಿನಲ್ಲಿದ್ದ ನಿಮ್ಮ ತಾಳಗಳು ತಾವೇ ಸಣ್ಣಗೆ ಝಣಗುಟ್ಟಿದವು. ಎದುರುಮನೆಯ ದುರುಗಮ್ಮ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿಬಂದು, "ಏನಾತ್ರೀ, ಸಿಲಿಂಡರ್ ಏನರ ಹಾರಿತೇನು?" ಎಂದು ಕೇಳಿದಳು. ಹಾರಿದ್ದು ಸಿಲಿಂಡರ್ ಅಲ್ಲ, ನಾನು. ಖುಷಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಇದನ್ನೇ ಆ ಸಂಜೆ ಫೋನಿನಲ್ಲಿ ಹೇಳಿದರೆ ನೀವು ಏನಂದಿರಿ? "ಆತು ಬಿಡವ್ವಾ, ಮುದುಕಿ ಸಮಾಧಾನಕ್ಕ ಹೇಳಾಕತ್ತಿ. ನನಗ ತಿಳೀತದ." ಆಗ ನಾನು ಫೋನನ್ನು ಸ್ಪೀಕರ್ ಪೆಟ್ಟಿಗೆಯ ಮುಂದಿಟ್ಟು ಬಾರಿಸಿದೆ. ಅದಕ್ಕೂ ಒಂದು ಉತ್ತರ ಸಿದ್ಧವಿತ್ತು. "ಅದು ಮೊಬೈಲ್‌ನ್ಯಾಗಿನ ಹಾಡು. ನಾ ಏನು ನಿನ್ನಿ ಹುಟ್ಟೀನೇನು?" ಎಂದು ಕಟ್ ಮಾಡಿದಿರಿ. ಮರುದಿನ ನಿಮ್ಮ ಮಗ ಮಾಡಿದರೆ ಫೋನ್ ಎತ್ತಲೇ ಇಲ್ಲ. ಹೀಗಾಗಿ ಈ ಕಾಗದ. ಬಾಯಿಮಾತು ನಂಬದಿದ್ದರೂ ಬರೆದದ್ದನ್ನು ನೀವು ನಂಬುತ್ತೀರಿ ಎನ್ನುವುದು ನನಗೆ ಗೊತ್ತು. ಪೇಪರಿನಲ್ಲಿ ಊರು-ಹೆಸರು ಗೊತ್ತಿಲ್ಲದವರ ಶ್ರದ್ಧಾಂಜಲಿಯನ್ನೂ ಚಸ್ಮಾ ಒರೆಸಿಕೊಂಡು ಓದಿ, "ಅಯ್ಯ ಪಾಪ, ಒಳ್ಳೇ ಮನಷ್ಯಾ" ಎನ್ನುವವರಲ್ಲವೇ ನೀವು!

ಗೌರಮ್ಮಕ್ಕ ಗುಟ್ಟಾಗಿ ನನಗೆ ಎಲ್ಲ ಹೇಳಿದ್ದಾಳೆ. ಮಗಳೆಂದು ಅವಳನ್ನು ಬೈಯಬೇಡಿ, ಹೊಟ್ಟೆ ತಡೆಯದೆ ಹೇಳಿದಳು. ನೀವು ಮಾನ್ವಿಗೆ ಹೋದ ಮೇಲೆ ಒಂದು ಪದವನ್ನೂ ಹಾಡಿಲ್ಲವಂತೆ. ಅಲ್ಲಿನ ಹೆಣ್ಣುಮಕ್ಕಳು ಭಜನೆಗೆ ಕರೆದರೆ ಮಂಡಿನೋವು ಎಂದಿರಂತೆ. ಬೆಳಗ್ಗೆ ಎದ್ದು ಬಾಯಿ ಮುಚ್ಚಿಕೊಂಡು ಕಸ ಗುಡಿಸುತ್ತೀರಂತೆ. ಚೀಕಲಪರ್ವಿಗೆ ಕರೆದುಕೊಂಡು ಹೋದರೆ ಹೊಳೆಯಲ್ಲಿ ಮಿಂದು, ದಂಡೆಯಲ್ಲಿ ಸುಮ್ಮನೆ ಕುಳಿತು ಎದ್ದು ಬಂದಿರಂತೆ. ಅಲ್ಲಿ ನೀರು ಕಂಡರೆ ಹಾಡದೆ ಇದ್ದವರೇ ಅಲ್ಲ ನೀವು. ಯಾಕೆಂದು ಕೇಳಿದ ಮಗಳಿಗೆ, "ಒಂದು ದನಿ ಕೆಡಿಸಿ ಬಂದೀನಿ, ಇನ್ನ ನನ್ನ ದನಿಗೆ ಏನು ಶೋಭಾ?" ಎಂದಿರಂತೆ.

ಅತ್ತೆ, ಆ ಮಾತು ಕೇಳಿ ನನಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಆ ವಾದ್ಯ ನನ್ನ ಮನೆಗೆ ಬಂದದ್ದು ಯಾರಿಂದ ಎನ್ನುವುದನ್ನು ಅಷ್ಟು ಬೇಗ ಮರೆತರೆ ಹೇಗೆ?

ನಾನು ಹುಟ್ಟಿ ಬೆಳೆದದ್ದು ಶಕ್ತಿನಗರದ ಕಾಲೊನಿಯಲ್ಲಿ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಗಣಪತಿ ಹಬ್ಬಕ್ಕೆ ಒಂದು ಆರ್ಕೆಸ್ಟ್ರಾ ಬಂದಿತ್ತು. ಸ್ಟೇಜಿನ ಮಗ್ಗುಲಲ್ಲೇ ಜಾಗ ಸಿಕ್ಕಿತ್ತು, ಕಿವಿಯ ಹತ್ತಿರವೇ ಸ್ಪೀಕರ್. ಹಾಡಿನ ನಡುವೆ ಒಬ್ಬ ತೆಳ್ಳನೆಯ ಮನುಷ್ಯ ಮುಂದೆ ಬಂದು ಕರೆಂಟ್ ಗಿಟಾರಿನ ಒಂದೇ ತಂತಿಯನ್ನು ಎಳೆದ. ಆ ದನಿ ನಿಲ್ಲಲೇ ಇಲ್ಲ ನೋಡಿ. ಹಾಡುವವರಿಗಾದರೆ ಉಸಿರು ಮುಗಿಯುತ್ತದೆ, ಇವನ ತಂತಿಗೆ ಉಸಿರೇ ಮುಗಿಯಲಿಲ್ಲ. ನನ್ನ ಎದೆಗೂಡು, ಹಲ್ಲು, ಕೂತಿದ್ದ ಕಬ್ಬಿಣದ ಕುರ್ಚಿ ಎಲ್ಲವೂ ನಡುಗಿದವು. ಅವತ್ತೇ ಮನೆಗೆ ಬಂದು ಅಪ್ಪನ ಮುಂದೆ ನಿಂತು, ನನಗೆ ಅದು ಬೇಕು ಎಂದೆ. ಅಪ್ಪ ಒಳ್ಳೆಯವರು, ಇಲ್ಲ ಎನ್ನಲಿಲ್ಲ. "ಎಸ್ಸೆಸ್ಸೆಲ್ಸಿ ಮುಗೀಲಿ" ಎಂದರು. ಮುಗಿಯಿತು. "ಪಿಯುಸಿ ಮುಗೀಲಿ." ಅದೂ ಮುಗಿಯಿತು. "ಇಂಜಿನಿಯರಿಂಗ್ ಮುಗೀಲಿ, ನೌಕರಿ ಹತ್ತಲಿ." ಅಪ್ಪ ದುಡಿದ ವಿದ್ಯುತ್ ಸ್ಥಾವರದಲ್ಲೇ, ಕಂಟ್ರೋಲ್ ರೂಮಿನಲ್ಲಿ ನೌಕರಿ ಹತ್ತಿದ ಮೇಲೆ ಅಪ್ಪ ನಕ್ಕು, "ಇನ್ನ ಲಗ್ನ ಆಗಲಿ, ಗಂಡನ್ನ ಕೇಳವ್ವಾ" ಎಂದು ಕೈತೊಳೆದುಕೊಂಡರು.

ಆಮೇಲೆ ನೀವು ನನ್ನನ್ನು ನೋಡಲು ಬಂದಿರಿ. ಕ್ವಾರ್ಟರ್ಸಿನ ಆ ಸಣ್ಣ ಕೋಣೆಯಲ್ಲಿ ಉಪ್ಪಿಟ್ಟು, ಶಿರಾ ತಿಂದು, "ಹಾಡಾಕ ಬರ್ತದೇನವ್ವಾ?" ಎಂದು ಕೇಳಿದಿರಿ. ಬರೋದಿಲ್ಲ ಎಂದು ತಲೆ ತಗ್ಗಿಸಿದ್ದರೆ ಸಾಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹಾಡಾಕ ಬರಂಗಿಲ್ರೀ, ಗಿಟಾರ್ ಬಾರಸೋ ಆಸೆ ಅದ" ಎಂದುಬಿಟ್ಟೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಫ್ಯಾನ್ ನೋಡತೊಡಗಿದರು. ನೀವು ಮಾತ್ರ ಚಹಾದ ಬಸಿ ಕೆಳಗಿಟ್ಟು, ಎಮ್ಮೆ ಖರೀದಿಗೆ ಬಂದವರ ಗಾಂಭೀರ್ಯದಲ್ಲಿ ಕೇಳಿದಿರಿ:

"ಕೈಯಿಂದೋ, ಕರೆಂಟಿಂದೋ?"

"ಕರೆಂಟಿಂದ್ರೀ."

"ಹಂಗಾರ ಬಿಲ್ ನಮಗೇ ಬರ್ತದ ಅನ್ನು!"

ಕೋಣೆಯೆಲ್ಲ ನಕ್ಕಿತು. ಆ ನಗುವಿನಲ್ಲೇ ನಾನು ಮನಸ್ಸಿನಲ್ಲಿ ಹೂಂ ಎಂದೆ. ನಿಮ್ಮ ಮಗನ ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ. ಇದನ್ನು ಅವರಿಗೆ ಹೇಳಬೇಡಿ.

ಮದುವೆಯಾದ ಮೇಲೂ ಆಸೆ ಮುಂದಕ್ಕೇ ಹೋಯಿತು. ಮನೆ ಕಟ್ಟುವುದು, ಮಾವನವರ ಕಾಯಿಲೆ, ಅವರು ಹೋದ ಮೇಲೆ ಅಕ್ಕಿಮಿಲ್ಲಿನ ಹೊರೆ, ಸುಪ್ರಭಾ ಹುಟ್ಟಿದ್ದು, ಅವಳ ಶಾಲೆ. ಯಾರೂ ಬೇಡವೆನ್ನಲಿಲ್ಲ, ಆದರೆ ಇವತ್ತೇ ಆಗಲಿ ಎಂದೂ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಎರಡು ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡುವ ಮಿನಾಜ್ ತನ್ನ ಕಾಲೇಜಿನ ದಿನದ ಕಟ್ಟಿಗೆಯ ಗಿಟಾರನ್ನು ಕಲಿಯಲು ಕೊಟ್ಟಳು. ಊಟದ ಹೊತ್ತಿನಲ್ಲಿ ಅವಳ ಕ್ವಾರ್ಟರ್ಸಿಗೆ ಹೋಗಿ, ಮೊಬೈಲಿನಲ್ಲಿ ವೀಡಿಯೊ ಹಾಕಿಕೊಂಡು ಬೆರಳು ತಿರುವುತ್ತಿದ್ದೆ. ಎಡಗೈ ಬೆರಳ ತುದಿಗಳು ಗಡುಸಾಗಿ ಗೆರೆ ಬಿದ್ದವು. ನೀವು ಅದನ್ನು ಹಂಚಿನ ಸುಟ್ಟಗಾಯ ಎಂದುಕೊಂಡು ದಿನಾ ತುಪ್ಪ ಹಚ್ಚಿದಿರಿ. ಸುಳ್ಳು ಹೇಳಲಾರದೆ ಒಂದು ದಿನ ನಿಜ ಹೇಳಿದೆ. ನೀವು ಬೆರಳುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮಗನನ್ನು ಕೂಗಿದಿರಿ.

"ಬಸವಲಿಂಗಾ, ಇಲ್ಲಿ ಬಾ. ಈ ಹುಡುಗಿ ಕೈ ನೋಡು. ಮಂದಿ ಮನ್ಯಾಗ ಹೋಗಿ ಬಾರಿಸಿ ಬರ್ತದ. ನಮ್ಮನ್ಯಾಗ ಏನು ಜಾಗಾ ಇಲ್ಲೇನು?"

ನಿಮ್ಮ ಮಗ, "ಅಲ್ಲಬೇ ಯವ್ವಾ, ನಾ ಯಾವಾಗ ಬ್ಯಾಡ ಅಂದೆ?" ಎಂದರು.

"ಬ್ಯಾಡ ಅನ್ನಲಿಲ್ಲ, ನಡಿ ಅಂತನೂ ಅನ್ನಲಿಲ್ಲ. ಇವತ್ತ ಅನ್ನು."

ಅಷ್ಟೇ. ಇಪ್ಪತ್ತೈದು ವರ್ಷ ಮುಂದಕ್ಕೆ ಹೋದ ಮಾತು ಅಲ್ಲಿಗೆ ನಿಂತಿತು. ನನ್ನ ಸಂಬಳ ನನ್ನ ಕೈಯಲ್ಲೇ ಇತ್ತು, ಅಡ್ಡಿ ಯಾರೂ ಇರಲಿಲ್ಲ. ಆದರೂ ಯಾರೋ ಒಬ್ಬರು 'ನಡಿ' ಅನ್ನಲಿ ಎಂದು ಕಾದಿದ್ದೆನೇನೋ. ನೀವು ಅಂದಿರಿ.

ಅಂಗಡಿಗೆ ಹೋದ ದಿನ ನೆನಪಿದೆಯೇ? ತೀನ್ ಕಂದಿಲ್ ಹತ್ತಿರದ ಆ ಸಂದಿಯಲ್ಲಿ ಅಮೀರ್ ಸಾಬರ ಅಂಗಡಿ, ಮೇಲೆ ಕೆಳಗೆ ಎಲ್ಲಾ ತಬಲಾ, ಡೋಲಕ್, ಪೇಟಿಗಳು. ನನಗಾಗಿ ಹೈದರಾಬಾದಿನಿಂದ ಎರಡು ಕರೆಂಟ್ ಗಿಟಾರ್ ತರಿಸಿಟ್ಟಿದ್ದರು, ಒಂದು ಕಪ್ಪು, ಒಂದು ಕೆಂಪು. ನನ್ನ ಕಣ್ಣು ಕಪ್ಪಿನ ಮೇಲೆ. ಆರ್ಕೆಸ್ಟ್ರಾದವನದ್ದು ಕಪ್ಪೇ ಇತ್ತು. ನೀವು ಕೆಂಪನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಇದು ನಮ್ಮ ಇಳಕಲ್ ಸೀರಿ ಸೆರಗಿನ ಬಣ್ಣ ನೋಡು. ಮನಿಗೆ ಮೊದಲ ಸಲ ಬರೋದು ಕರಿ ಬ್ಯಾಡವ್ವಾ" ಎಂದಿರಿ. ಆಮೇಲೆ ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆನ್ನ ಮೇಲೆ ಬೆರಳಿನಿಂದ ಕುಟ್ಟಿ, ಮುಖ ಸಿಂಡರಿಸಿದಿರಿ.

"ಸಾಬಣ್ಣಾ, ಇದಕ್ಕ ಹೊಟ್ಟಿನೇ ಇಲ್ಲಲ್ಲೋ! ಒಳಗ ಟೊಳ್ಳಿಲ್ಲ. ದನಿ ಎಲ್ಲಿಂದ ಬರ್ತದ? ನಮಗ ಖೊಟ್ಟಿ ಮಾಲು ಕೊಡಾಕತ್ತೀಯೇನು?"

ಅಮೀರ್ ಸಾಬರು ನಕ್ಕು ನಕ್ಕು ಕೆಮ್ಮಿದರು. "ಅಮ್ಮಾ, ಇದರ ಹೊಟ್ಟಿ ಇಲ್ಲಿ ಅದ ನೋಡ್ರಿ" ಎಂದು ಸ್ಪೀಕರ್ ಪೆಟ್ಟಿಗೆ ತೋರಿಸಿ, ವೈರು ಚುಚ್ಚಿ, ತಾವೇ ಒಮ್ಮೆ ತಂತಿ ಮೀಟಿದರು. ಗೋಡೆಯ ಮೇಲಿನ ತಬಲಾಗಳೆಲ್ಲ ಗುಂಯ್ ಎಂದವು. ನೀವು ಎರಡೂ ಅಂಗೈಗಳನ್ನು ಪೆಟ್ಟಿಗೆಯ ಜಾಳಿಗೆಯ ಮೇಲಿಟ್ಟು, "ಯಪ್ಪಾ! ಎದಿಗೇ ಬಡೀತು" ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಿರಿ. ಅದೇ ಎದೆ, ಅದೇ ನಡುಕ. ಇಷ್ಟು ವರ್ಷ ನಾನು ಯಾರಿಗೂ ತಿಳಿಸಿ ಹೇಳಲಾಗದೆ ಇದ್ದದ್ದು ನಿಮಗೆ ಒಂದು ಗಳಿಗೆಯಲ್ಲಿ ತಿಳಿದುಹೋಗಿತ್ತು. ಆಟೋದಲ್ಲಿ ಮನೆಗೆ ಬರುವಾಗ ಅದನ್ನು ನಿಮ್ಮ ತೊಡೆ ನನ್ನ ತೊಡೆ ಎರಡರ ಮೇಲೂ ಅಡ್ಡ ಮಲಗಿಸಿಕೊಂಡು ಕುಳಿತಿದ್ದೆವು. ಗುಂಡಿ ಬಂದಾಗಲೆಲ್ಲ ನೀವು ಡ್ರೈವರನನ್ನು ಬೈದಿರಿ. ಅಂಥ ಸುಖದ ಸವಾರಿ ನನಗೆ ಇನ್ನೊಂದು ನೆನಪಿಲ್ಲ.

ಮನೆಗೆ ಬಂದ ಕೂಡಲೇ ಬಾರಿಸಲು ಹೋದೆ. ನೀವು ವೈರನ್ನೇ ಕಿತ್ತಿಟ್ಟುಕೊಂಡಿರಿ. "ಪೂಜಿ ಆಗದ ಯಾವ ಯಂತ್ರನೂ ಈ ಮನ್ಯಾಗ ಚಾಲೂ ಆಗಿಲ್ಲ" ಎಂದಿರಿ. ನಿಜವೇ. ಮಿಲ್ಲಿನ ಹಲ್ಲರ್, ಬೋರಿನ ಮೋಟಾರು, ನನ್ನ ಸ್ಕೂಟಿ, ಮಿಕ್ಸಿ, ಕಡೆಗೆ ಸುಪ್ರಭಾಳ ಲ್ಯಾಪ್‌ಟಾಪು, ಎಲ್ಲವೂ ನಿಮ್ಮ ಕೈಯ ವಿಭೂತಿ ಹಚ್ಚಿಸಿಕೊಂಡೇ ಉಸಿರಾಡಲು ಶುರು ಮಾಡಿದವು. ಶ್ರಾವಣ ಸೋಮವಾರಕ್ಕೆ ಭಜನೆ ನಮ್ಮ ಮನೆಯಲ್ಲೇ ಇತ್ತು. ಓಣಿಯ ಹೆಣ್ಣುಮಕ್ಕಳು, ಪೇಟಿ ಬಾರಿಸುವ ಜಂಬಣ್ಣ ಎಲ್ಲರೂ ಬಂದಿದ್ದರು. ನೀವು ಗಿಟಾರಿಗೆ ಮೂರೆಳೆ ವಿಭೂತಿ ಎಳೆದಿರಿ. ಕೊರಳಿಗೆ ಮಲ್ಲಿಗೆ ಸುತ್ತಿದಿರಿ. ಗಾಲಿ ಇಲ್ಲವಲ್ಲ ಎಂದು ನಿಂಬೆಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿ, ಕಡೆಗೆ ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟಿರಿ. ಗಿಟಾರಿನ ಮೈಮೇಲಿರುವ ಮೂರು ತಿರುಗಣಿಗಳಿಗೂ ಕುಂಕುಮದ ಬೊಟ್ಟು ಇಟ್ಟಿರಿ. ಹೊಸಲಿಗೆ ಕಾಯಿ ಒಡೆದು, ಆ ನೀರಿನಲ್ಲಿ ಬಿಲ್ವಪತ್ರೆ ಅದ್ದಿ ತಂತಿಗಳ ಮೇಲೆ ಚಿಮುಕಿಸಿದಿರಿ. ನಾನು, "ಅತ್ತಿ, ನೀರು ಬ್ಯಾಡ್ರೀ" ಎನ್ನುವಷ್ಟರಲ್ಲಿ ಆಗಿಹೋಗಿತ್ತು.

"ಬಾರಸವ್ವಾ ಇನ್ನ" ಎಂದಿರಿ.

ವೈರು ಚುಚ್ಚಿದೆ. ಸ್ವಿಚ್ ಹಾಕಿದೆ. ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ತಂತಿ ಎಳೆದೆ. ದನಿ ಇಲ್ಲ. ಬರೀ ತಂತಿಯ ಒಣ ಸದ್ದು, ಅಷ್ಟೇ. ಇನ್ನೊಮ್ಮೆ ಎಳೆದೆ, ವೈರು ಕಿತ್ತು ಚುಚ್ಚಿದೆ, ಪೆಟ್ಟಿಗೆ ಬಡಿದೆ, ಪ್ಲಗ್ ಬದಲಿಸಿದೆ. ಇಲ್ಲ. ಜಂಬಣ್ಣ ಪೇಟಿಯ ಮೇಲೆ ಮೊಣಕೈ ಊರಿ, "ಕರೆಂಟಿನ ಸಾಮಾನಿಗೆ ನೀರು ಬಿದ್ದದ. ಸುಟ್ಟಿರಬೇಕು" ಎಂದ. ನಾನು ನೆಲದ ಮೇಲೆ ಕುಸಿದು ಅತ್ತುಬಿಟ್ಟೆ. ನಲವತ್ತು ದಾಟಿದ ಹೆಂಗಸು, ಮಗಳ ಮುಂದೆ, ಓಣಿಯವರ ಮುಂದೆ. ನಿಮಗೊಂದು ಮಾತನ್ನೂ ಅನ್ನಲಿಲ್ಲ ನಾನು, ಅನ್ನುವ ಮನಸ್ಸೂ ಇರಲಿಲ್ಲ. ಆದರೆ ತಲೆ ಎತ್ತಿ ನೋಡಿದಾಗ ನೀವು ಒಡೆದ ಕಾಯಿಯ ಹೋಳು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಿರಿ. ನಿಮ್ಮ ಮುಖ ಹಾಗಾದದ್ದನ್ನು ಮಾವನವರು ಹೋದ ದಿನ ಬಿಟ್ಟರೆ ನಾನು ಕಂಡಿರಲಿಲ್ಲ. ಅವತ್ತು ಭಜನೆ ಆಗಲಿಲ್ಲ. ಮರುದಿನ ನಾನು ಡ್ಯೂಟಿಗೆ ಹೋದ ಮೇಲೆ, "ಮೊಮ್ಮಕ್ಕಳನ್ನ ನೋಡಬೇಕು ಅನಸ್ಯದ" ಎಂದು ಮಗನಿಗೆ ಹೇಳಿ ಮಾನ್ವಿ ಬಸ್ಸು ಹತ್ತಿದಿರಿ. ತಾಳದ ಜೋಡಿಯನ್ನು ಗೂಡಿನಲ್ಲೇ ಬಿಟ್ಟು ಹೋದಿರಿ. ಊರಿಗೆ ಹೋಗುವಾಗ ಚಸ್ಮಾ ಮರೆತರೂ ಅದನ್ನು ಮರೆಯದವರು ನೀವು.

ಅಷ್ಟು ಸಾಲದೆಂದು ಜಂಬಣ್ಣ ಮಗಳ ಮನೆಗೆಂದು ದೇವದುರ್ಗಕ್ಕೆ ಹೋದವನು ಅಲ್ಲೆಲ್ಲ ಸುದ್ದಿ ಹಬ್ಬಿಸಿ ಬಂದ. ಅಲ್ಲಿಂದ ಮಾನ್ವಿಗೆ ಯಾರೋ ಫೋನ್ ಮಾಡಿ, "ವೀರಭದ್ರಮ್ಮನೋರೇ, ಸೊಸಿ ಗಿಟಾರಿಗೆ ಅಭಿಷೇಕ ಮಾಡಿದ್ರಂತಲ್ಲ?" ಎಂದು ನಿಮ್ಮನ್ನೇ ಕೇಳಿದರಂತೆ. ಅವನ ಬಾಯಿಗೆ ಏನು ಹಾಕಬೇಕೋ ಅದನ್ನು ದುರುಗಮ್ಮ ಆಗಲೇ ಹಾಕಿದ್ದಾಳೆ. ಓಣಿಯ ನಡುವೆ ನಿಲ್ಲಿಸಿಕೊಂಡು ಬೈದಳು, ನಾನು ಕಿಟಕಿಯಿಂದ ಕೇಳಿ ಖುಷಿಪಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ, ಬೇಕಾದರೆ ಗೌರಮ್ಮಕ್ಕನನ್ನೂ ಪಕ್ಕಕ್ಕೆ ಕೂಡಿಸಿಕೊಳ್ಳಿ.

ಅಮೀರ್ ಸಾಬರಿಗೆ ಫೋನ್ ಮಾಡಿದರೆ ಅವರು ಬೀಗರ ಮದುವೆಗೆ ಹೈದರಾಬಾದಿಗೆ ಹೋಗಿದ್ದರು. "ಬಂದ ಮ್ಯಾಲೆ ನೋಡ್ತೀನಿ, ಬಿಚ್ಚಬ್ಯಾಡ್ರಿ" ಎಂದರು. ನಿಮ್ಮ ಮಗನಿಗೆ ಆಗ ಒಂದು ಉಪಾಯ ಹೊಳೆಯಿತು. ಮೊಬೈಲ್ ನೀರಿನಲ್ಲಿ ಬಿದ್ದರೆ ಜನ ಅಕ್ಕಿಯ ಡಬ್ಬಿಯಲ್ಲಿ ಇಡುತ್ತಾರಲ್ಲ, ಇದನ್ನೂ ಇಡೋಣ ಎಂದರು. ಮೊಬೈಲಿಗಾದರೆ ಡಬ್ಬಿ ಸಾಕು. ಗಿಟಾರಿಗೆ? ಅಕ್ಕಿಮಿಲ್ಲಿನವರಿಗೆ ಅದೇನು ದೊಡ್ಡ ಮಾತು! ಮಿಲ್ಲಿನಿಂದ ಸೋನಾ ಮಸೂರಿಯ ಚೀಲ ತರಿಸಿ, ಉಗ್ರಾಣದ ಕೋಣೆಯಲ್ಲಿ ತಾಡಪತ್ರಿ ಹಾಸಿ, ಗಿಟಾರನ್ನು ಮಲಗಿಸಿ, ಮೇಲೆ ಅಕ್ಕಿ ಸುರಿದರು. ತಲೆ ಮಾತ್ರ ಹೊರಗೆ. ದುಪ್ಪಟಿ ಹೊದ್ದು ಮಲಗಿದ ಮಗುವಿನ ಹಾಗೆ ಕಾಣುತ್ತಿತ್ತು. ನಾನು ಇಂಜಿನಿಯರ್, ಇದರಿಂದ ಏನೂ ಆಗದು ಎಂದು ಬಾಯಿಯಲ್ಲಿ ಹೇಳಿದೆ. ಆದರೂ ಡ್ಯೂಟಿಯಿಂದ ಬಂದವಳೇ ದಿನಾ ಆ ಕೋಣೆಗೆ ಹೋಗಿ ನೋಡುತ್ತಿದ್ದೆ. ಸುಪ್ರಭಾ, "ಅವ್ವಾ, ಇನ್ನೊಂದಿಷ್ಟು ನೀರು ಹಾಕಿದ್ರ ಬಿರ್ಯಾನಿ ಆಗ್ತದ" ಎಂದು ಅಣಕಿಸಿದಳು.

ಮೊನ್ನೆ ರವಿವಾರ ಅಮೀರ್ ಸಾಬರು ಊರಿಗೆ ಬಂದ ಸುದ್ದಿ ತಿಳಿದು ಗಿಟಾರನ್ನು ಹೊರಗೆ ತೆಗೆದೆವು. ಅಕ್ಕಿ ಹಾಗೇ ಬಿಡಲಾಗುತ್ತದೆಯೇ? ನಿಮ್ಮ ಮಗ ಹಳೆಯ ಹಿತ್ತಾಳೆಯ ಸೇರು ತಂದು ಅಳೆದು ಚೀಲಕ್ಕೆ ತುಂಬಲು ಕೂತರು. ನಾನು ಚೀಲದ ಬಾಯಿ ಹಿಡಿದಿದ್ದೆ. ಅವರು ಮೊದಲ ಸೇರು ಸುರಿಯುತ್ತಾ, ಮಾವನವರ ಹಾಗೇ ರಾಗವಾಗಿ ಎಣಿಸಿದರು:

"ಲಾಭ..."

ಅತ್ತೆ, ನನ್ನ ಕೈ ಸಡಿಲಿ ಅಕ್ಕಿಯೆಲ್ಲ ನೆಲಕ್ಕೆ ಬಿತ್ತು.

ನಾನು ಈ ಮನೆಗೆ ಬಂದ ಹೊಸತರಲ್ಲಿ ಜೋಳ ಅಳೆಯುವಾಗ "ಒಂದು" ಎಂದಾಗ ನೀವು ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದಿರಿ. "ಒಂದು ಅನಬಾರದವ್ವಾ, ಲಾಭ ಅನಬೇಕು. ಒಂದು ಅಂದ್ರ ಒಂಟಿ ಆತು. ಲಾಭ ಅಂದ್ರ ಇನ್ನಾ ಬರ್ತದ, ಎರಡು, ಮೂರು ಅಂತ ಹಿಂದಿಂದ ಬರ್ತಾವ" ಎಂದು ಕಲಿಸಿದ್ದಿರಿ. ಈಗ ನೆನಪು ಮಾಡಿಕೊಳ್ಳಿ. ಪೂಜೆಯ ದಿನ ಆ ಮೂರು ತಿರುಗಣಿಗಳಿಗೆ ಬೊಟ್ಟು ಇಡುವಾಗ ನೀವು ಏನು ಮಾಡಿದಿರಿ? ನಾನು ಹೂವಿನ ದಾರ ಗಂಟು ಹಾಕುತ್ತಿದ್ದೆ, ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. "ಅಯ್ಯ, ಇವು ತಿರುಗ್ತಾವ! ಮ್ಯಾಲೆ ಅಂಕಿ ಬರದಾರ" ಎಂದಿರಿ. ಆಮೇಲೆ ಚಸ್ಮಾ ಸರಿಮಾಡಿಕೊಂಡು, ಒಂದೊಂದನ್ನೂ ಹಿಂದಕ್ಕೆ ತಿರುಗಿಸಿ ಒಂದರ ಅಂಕಿಗೆ ತಂದು, "ಲಾಭದಿಂದ ಶುರು ಆಗಲಿ, ಲಾಭ, ಲಾಭ, ಲಾಭ" ಎನ್ನುತ್ತಾ ಮೂರಕ್ಕೂ ಆ ಅಂಕಿಯ ಮೇಲೆಯೇ ಕುಂಕುಮ ಒತ್ತಿದಿರಿ. ಅಂದಿರೋ ಇಲ್ಲವೋ, ನಿಮ್ಮ ಇಷ್ಟಲಿಂಗದ ಆಣೆ ಮಾಡಿ ಹೇಳಿ.

ಅತ್ತೆ, ಆ ಮೇಲಿನ ತಿರುಗಣಿ ಇದೆಯಲ್ಲ, ಅದು ದನಿಯನ್ನು ಏರಿಸುವುದು, ಇಳಿಸುವುದು. ಹತ್ತಕ್ಕಿದ್ದರೆ ಓಣಿಯೆಲ್ಲ ಕೇಳುತ್ತದೆ. ಒಂದಕ್ಕಿದ್ದರೆ ಬಾಯಿ ಬಂದ್! ರೇಡಿಯೋದ ಕಿವಿ ಹಿಂಡಿ ದನಿ ಸಣ್ಣ ಮಾಡಿದ ಹಾಗೆ. ನೀವು ಅದನ್ನು ಕೆಡಿಸಲಿಲ್ಲ, ಸುಡಲಿಲ್ಲ, ಲಾಭದಲ್ಲಿ ನಿಲ್ಲಿಸಿದಿರಿ. ಕುಂಕುಮದ ಕೆಳಗೆ ಅಂಕಿ ಮುಚ್ಚಿಹೋಗಿತ್ತು, ನಾನು ನೋಡಲಿಲ್ಲ. ನೀರು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ, ಹಾಗಾಗಿ ಬೇರೆ ಯಾವುದೂ ಹೊಳೆಯಲಿಲ್ಲ. ಕಂಟ್ರೋಲ್ ರೂಮಿನಲ್ಲಿ ದಿನವಿಡೀ ಮುಳ್ಳು, ಅಂಕಿ, ತಿರುಗಣಿ ನೋಡುವುದಕ್ಕೇ ಸರ್ಕಾರ ನನಗೆ ಪಗಾರ ಕೊಡುತ್ತದೆ. ಇದನ್ನು ಮಿನಾಜ್‌ಗೆ ಹೇಳಿದಾಗ ಅವಳು ನಕ್ಕ ನಗೆಗೆ ಇಡೀ ಶಿಫ್ಟಿನವರು ತಿರುಗಿ ನೋಡಿದರು.

ಚೀಲ ಬಿಟ್ಟು ಪಡಸಾಲೆಗೆ ಓಡಿದೆ. ವೈರು ಚುಚ್ಚಿದೆ. ಮೇಲಿನ ತಿರುಗಣಿ ಹಿಡಿದು ತಿರುಗಿಸಿದೆ, ತಂತಿ ಎಳೆದೆ. ಬಂತು. ಅಯ್ಯೋ ಅತ್ತೆ, ಬಂತು! ಅದೇ ದನಿ, ಒಂಬತ್ತನೇ ಇಯತ್ತೆಯ ಹುಡುಗಿ ಕೇಳಿದ್ದು. ಈಗ ಅದು ನನ್ನ ಬೆರಳ ಕೆಳಗಿತ್ತು. ತಂತಿಯ ಸಂದಿಯಲ್ಲಿದ್ದ ಅಕ್ಕಿಕಾಳು ಒಂದೆರಡು ಸಿಡಿದು ಬಿದ್ದವು. ನಾನು ನಗುತ್ತಿದ್ದೆ, ಅಳುತ್ತಿದ್ದೆ, ಸುಪ್ರಭಾ ಕಿವಿ ಮುಚ್ಚಿಕೊಂಡು ಕುಣಿಯುತ್ತಿದ್ದಳು. ನಿಮ್ಮ ಮಗ ಕೈಯಲ್ಲಿ ಸೇರು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತು, "ನಮ್ಮ ಮಿಲ್ಲಿನ ಅಕ್ಕಿ ಕೆಲಸ ಮಾಡಿತು ನೋಡು" ಎಂದರು. ಅಕ್ಕಿ ಅಲ್ಲ ಎಂದು ಎಷ್ಟು ಹೇಳಿದರೂ ಈಗಲೂ ಅವರು ಅಕ್ಕಿಯೇ ಎನ್ನುತ್ತಾರೆ. ಇರಲಿ ಬಿಡಿ.

ಸುಖ ಅಂದರೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಈ ಎರಡು ದಿನದಿಂದ ಬೆಳಗ್ಗೆ ಎದ್ದ ಕೂಡಲೇ ಅದು ಗೋಡೆಯ ಮೇಲೆ ಇದೆಯೇ ಎಂದು ನೋಡುತ್ತೇನೆ, ಇರುತ್ತದೆ. ಚಹಾ ಕುಡಿಯುತ್ತಾ ನೋಡುತ್ತೇನೆ. ಬಸ್ಸಿನಲ್ಲಿ ಕುಳಿತಾಗ ನೆನಪಾಗಿ ಒಬ್ಬಳೇ ನಗುತ್ತೇನೆ. ಬಾರಿಸಲು ಇನ್ನೂ ಚೆನ್ನಾಗಿ ಬರುವುದಿಲ್ಲ, ಬೆರಳು ತಪ್ಪುತ್ತದೆ, ದುರುಗಮ್ಮ ಬಂದು ಬಾಗಿಲು ಬಡಿಯುತ್ತಾಳೆ. ಆದರೂ ನನ್ನದು. ಆದರೆ ಈ ಸುಖ ಬೆಳಗಿನ ಹೊತ್ತು ಅರ್ಧಕ್ಕೇ ನಿಂತುಬಿಡುತ್ತದೆ. ಕಸಬರಿಗೆಯ ಸದ್ದಿನ ಜೊತೆ ನಿಮ್ಮ ಪದ ಕೇಳುವುದಿಲ್ಲ. ಹಿರೇಕೊಟ್ನೆಕಲ್ಲಿನ ಹೊಲದಲ್ಲಿ ಕಳೆ ಕೀಳುವಾಗ ನಿಮ್ಮವ್ವನಿಂದ ಕಲಿತೆ ಎನ್ನುತ್ತೀರಲ್ಲ, ಆ ಪದ. ಅದರ ಕೊನೆಯ ಅಕ್ಷರವನ್ನು ನೀವು ಎಳೆಯುತ್ತಾ ಹೋಗುವಾಗ ನಾನು ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಇನ್ನೇನು ಉಸಿರು ಮುಗಿಯಿತು ಎನ್ನುವಾಗ ಇನ್ನೊಂ­ದಿಷ್ಟು ಬರುತ್ತಿತ್ತು. ಹದಿನಾರು ವರ್ಷ ದಿನಾ ಕೇಳಿದ್ದೇನೆ, ಒಮ್ಮೆಯೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತೇನೆ. ನಿಮ್ಮ ದನಿ ಇಲ್ಲದ ಮನೆ ನನಗೆ ಬೇಡ. ಗಿಟಾರ್ ಇದ್ದರೂ ಬೇಡ.

ನಿನ್ನೆಯ ಸೋಮವಾರ ಭಜನೆಗೆ ಎಲ್ಲರೂ ಬಂದರು. ಹಾಡಲು ಬಾಯಿ ಇಲ್ಲದೆ ಮಂಡಕ್ಕಿ ತಿಂದು ಎದ್ದು ಹೋದರು. ಜಂಬಣ್ಣನನ್ನು ಕೂಡಿಸಿಕೊಂಡು, ನಿಮ್ಮ ಪದ ಯಾವ ಸ್ವರದಿಂದ ಎತ್ತುತ್ತೀರಿ ಎಂದು ಪೇಟಿಯ ಮೇಲೆ ತೋರಿಸಲು ಹೇಳಿದೆ. ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ತೋರಿಸಿದ. ಅದೇ ಸ್ವರಕ್ಕೆ ಗಿಟಾರನ್ನು ಶ್ರುತಿ ಮಾಡಿದ್ದೇನೆ. ನೀವು ಕೊನೆಯ ಅಕ್ಷರ ಎಳೆದಾಗ ನಿಮ್ಮ ಬೆನ್ನ ಹಿಂದೆ ಒಂದು ತಂತಿ ಎಳೆದು ಹಿಡಿದರೆ ಸಾಕು, ಹೆಚ್ಚಿಗೆ ಏನೂ ಬಾರಿಸುವುದಿಲ್ಲ. ನೀವು ಉಸಿರು ತೆಗೆದುಕೊಳ್ಳಿ, ಅಲ್ಲಿಯವರೆಗೆ ಅದು ದನಿ ಹಿಡಿದುಕೊಂಡಿರುತ್ತದೆ.

ಈ ಕಾಗದವನ್ನು ಮಾನ್ವಿಗೆ ಅಕ್ಕಿ ಹೇರಿಕೊಂಡು ಹೋಗುವ ನಮ್ಮ ಗಾಡಿಯ ಡ್ರೈವರ್ ವೆಂಕೋಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಾಲು ಇಳಿಸಿ ಅವನು ಸಂಜೆ ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಾನೆ. ಮುಂದಿನ ಸೀಟಿಗೆ ನಿಮ್ಮ ಕೌದಿ ಹಾಸಿ ಕಳಿಸಿದ್ದೇನೆ, ಗಾಡಿ ಎತ್ತಿ ಹಾಕಿದರೂ ಬೆನ್ನಿಗೆ ಹತ್ತುವುದಿಲ್ಲ. ನಂಬಿಕೆ ಬರದಿದ್ದರೆ ಚೀಟಿಯಲ್ಲಿ ಕಟ್ಟಿಟ್ಟಿರುವ ಅಕ್ಕಿಕಾಳುಗಳನ್ನು ನೋಡಿ, ಗಿಟಾರಿನ ತಂತಿಗಳ ಸಂದಿಯಿಂದ ಉದುರಿದವು, ಒಂದಕ್ಕೆ ನಿಮ್ಮ ಕುಂಕುಮ ಹತ್ತಿದೆ. ಬರುವುದು ಶ್ರಾವಣದ ಕಡೆಯ ಸೋಮವಾರ. ಓಣಿಯವರಿಗೆಲ್ಲ ಹೇಳಿಬಿಟ್ಟಿದ್ದೇನೆ, ಮರ್ಯಾದೆ ಕಳೆಯಬೇಡಿ.

ಒಂದು ಮಾತು ಉಳಿಯಿತು. ಬೊಟ್ಟುಗಳನ್ನು ಒರೆಸಿಲ್ಲ. ಇವತ್ತು ಬೆಳಗ್ಗೆ ಮೂರೂ ತಿರುಗಣಿಗಳನ್ನು ನೀವು ನಿಲ್ಲಿಸಿದ್ದ ಕಡೆಗೇ ಹಿಂದಕ್ಕೆ ತಂದು, ವೈರು ಸುತ್ತಿ ನಿಮ್ಮ ತಾಳದ ಗೂಡಿನಲ್ಲಿಟ್ಟಿದ್ದೇನೆ. ಇನ್ನು ನಾನು ಮುಟ್ಟುವುದಿಲ್ಲ. ಲಾಭ ಅಂದವರು ನೀವು, ಎರಡು ಅನ್ನುವುದೂ ನೀವೇ. ಬಂದು, ಎಲ್ಲರೂ ಕೂತ ಮೇಲೆ, ಒಂದೊಂದೇ ಅಂಕಿ ಎಣಿಸುತ್ತಾ ನೀವೇ ತಿರುಗಿಸಬೇಕು. ಹತ್ತರವರೆಗೂ ಹೋಗಿ, ಹೆದರಬೇಡಿ. ಓಣಿಯವರು ಬೈದರೆ ಬೈಸಿಕೊಳ್ಳಲು ನಾನಿದ್ದೇನೆ, ಕರೆಂಟಿನ ಬಿಲ್ ಬಂದರೆ ಕಟ್ಟಲು ನಿಮ್ಮ ಮಗ ಇದ್ದಾರೆ.

ನಿಮ್ಮ ಉಸಿರು ಉದ್ದವಾಗಲಿ, ದಾರಿ ತಂಪಾಗಿರಲಿ.

ಬಾಗಿಲು ತೆರೆದಿಟ್ಟು ಕಾಯುತ್ತಿರುವ,
ನಿಮ್ಮ ಕರೆಂಟಿನ ಸೊಸೆ,
ಕಾವ್ಯಾ